ಮಾವಶಿ ಕಟ್ಟಿದ ಗಂಟೆ

ಹೋದ ವಾರ ಟ್ರಂಕಿನ ತಳದಲ್ಲಿದ್ದ ನನ್ನ ಹಳೆಯ ವ್ಯಾನಿಟಿ ಬ್ಯಾಗು ತೆರೆದೆ. ಎಮ್ಮೆಯ ವಾಸನೆ, ಒಲೆಯ ಹೊಗೆಯ ವಾಸನೆ ಒಟ್ಟಿಗೇ ಮೂಗಿಗೆ ಬಡಿದವು. ಒಳಗೆ ಮರದ ಗಂಟೆ ಇತ್ತು, ದನದ ಕೊರಳಿಗೆ ಕಟ್ಟುವಂಥದ್ದು. ಹದಿಮೂರು ವರ್ಷ ನಾನದನ್ನು ಮುಟ್ಟಿರಲಿಲ್ಲ...

ಆಗ ಮಗಳಿಗೆ ಐದು ವರ್ಷ. ದಸರಾ ರಜೆಗೆ ಬೆಳಗಾಂವದ ಖಾಸಬಾಗದಿಂದ ಹೊರಟು, ಖಾನಾಪುರ ದಾಟಿ, ಘಟ್ಟದ ಅಂಚಿನ ಒಂದು ಕಾಟೇಜಿಗೆ ಹೋಗಿದ್ದೆವು. ಮೊದಲ ದಿನ ಹಲಸಿಯ ಗುಡಿಗಳು, ಮರುದಿನ ಗುಡ್ಡದ ತುದಿಯಿಂದ ಸಮುದ್ರ ನೋಡುವುದು ನಮ್ಮ ಬೇತು. "ಮೋಡ ಇಲ್ಲಂದ್ರ ಗೋವಾದ ಸಮುದ್ರ ಬೆಳ್ಳಿ ಗೆರಿ ಹಂಗ ಕಾಣ್ತೈತ್ರಿ" ಎಂದು ಕಾಟೇಜಿನ ಮಾಲೀಕರು ಫೋನಿನಲ್ಲಿ ಆಸೆ ಹಚ್ಚಿದ್ದರು.

ಅಲ್ಲಿ ಅಡುಗೆ ಮಾಡುತ್ತ, ಬಂದವರಿಗೆ ದಾರಿ ತೋರಿಸುತ್ತ ಇದ್ದವಳು ಒಬ್ಬ ಗೌಳಿ ಮುದುಕಿ. ಎಲ್ಲರೂ ಆಕೆಯನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕವ್ವ, ಎನ್ನುತ್ತಿದ್ದರು. ನಾವು ಕಾರಿನಿಂದ ಇಳಿದಿದ್ದೇ ತಡ, ನೀರು ಕೊಡುವುದಕ್ಕೂ ಮೊದಲು ಈ ಗಂಟೆ ತಂದು ಮಗಳ ಕೊರಳಿಗೆ ಕಟ್ಟಿದಳು.

"ಇಲ್ಲಿ ಮಂಜು ಯಾವಾಗ ಬೀಳ್ತೈತಿ ಹೇಳಾಕ ಬರಂಗಿಲ್ರಿ ಬಾಯಾರ. ಬಿತ್ತಂದ್ರ ಕಣ್ಣು ಉಪಯೋಗಿಲ್ಲ, ಕಿವೀನ ಬೇಕು."

ಕೂಸು ಕುಣಿದಾಡಿತು. ನನಗೆ ಮೈಯೆಲ್ಲ ಉರಿಯಿತು. ನನ್ನದು ಮೊದಲಿಂದಲೂ ಮೂಗಿನ ತುದಿಯ ಸಿಟ್ಟು. ಗಂಟೆ ಕಟ್ಟಿಸಿಕೊಳ್ಳಲು ನನ್ನ ಮಗಳೇನು ಎಮ್ಮೆ ಕರುವೇ! ಹಲಸಿಯ ಗುಡಿಯಲ್ಲಿ ಕಲ್ಲಿನ ಕಂಬಗಳ ನಡುವೆ ದಿನವಿಡೀ ಟೊಕ್ ಟೊಕ್ ಎಂದು ಓಡಾಡಿದಳು. ನೋಡಿದವರೆಲ್ಲ ನಕ್ಕರು. ನಾನು ಹಲ್ಲು ಕಚ್ಚಿಕೊಂಡಿದ್ದೆ.

ಮರುದಿನ ಗುಡ್ಡದ ತುದಿಯಲ್ಲಿ ಆಕಾಶ ತಿಳಿಯಾಗಿತ್ತು. ದೂರದಲ್ಲಿ ಬೆಳ್ಳಿಯ ಗೆರೆ ಕಂಡೇ ಕಂಡಿತು. ಗಂಡ ಅಷ್ಟು ದೂರ ಮುಂದೆ ಹೋಗಿದ್ದರು, ಮಾವಶಿ ಹಿಂದೆ ಬರುತ್ತಿದ್ದಳು. ನಾದಿನಿಗೆ ಕಳಿಸುವ ಫೋಟೋದಲ್ಲಿ ದನದ ಗಂಟೆ ಬೇಡವೆಂದು ಮೆಲ್ಲಗೆ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ. ಫೋಟೋ ತೆಗೆದೆ. ಚೆನ್ನಾಗಿ ಬಂತೋ ಇಲ್ಲವೋ ಎಂದು ಮೊಬೈಲು ನೋಡುತ್ತ ನಿಂತೆ. ತಲೆ ಎತ್ತಿದಾಗ ಸಮುದ್ರವೂ ಇರಲಿಲ್ಲ, ಗುಡ್ಡವೂ ಇರಲಿಲ್ಲ, ಮಗಳೂ ಇರಲಿಲ್ಲ. ಸುತ್ತ ಬರೀ ಬಿಳಿ.

ಚೀರಿದೆ. ನನ್ನ ದನಿಯೇ ಕೆಳಗಿನ ಕೊಳ್ಳದಿಂದ ನನ್ನನ್ನು ಕರೆಯಿತು. ಅಷ್ಟರಲ್ಲಿ ಒರಟು ಕೈಯೊಂದು ನನ್ನ ಬಾಯಿ ಮುಚ್ಚಿತು. ಮಾವಶಿ!

"ಒದರಬ್ಯಾಡ್ರಿ! ದನಿ ಕೊಳ್ಳಕ್ಕ ಬಡದು ಹೊಳ್ಳಿ ಬರ್ತೈತಿ. ಅವ್ವ ಕೆಳಗ ಅದಾಳ ಅಂತ ಕೂಸು ಆ ಕಡೆ ಹೋಗ್ತೈತಿ." ಕೊಳ್ಳಕ್ಕೆ ಬೆನ್ನು ತಿರುಗಿಸಿ, ಮಂಜಿನ ಆಚೆಗಿದ್ದ ನನ್ನ ಗಂಡನಿಗೂ ಒಂದೇ ಸಲ ಕೂಗಿ ಹೇಳಿದಳು, "ಸಾಹೇಬ್ರ, ಇದ್ದಲ್ಲೇ ನಿಂದರ್ರಿ, ಸುಮ್ನ!" ಆಮೇಲೆ ಕಿವಿಗೊಟ್ಟು ನಿಂತಳು. "ಗಂಟಿ ಯಾಕ ಕೇಳವಲ್ದು?"

ಬ್ಯಾಗು ತೆರೆದು ಗಂಟೆ ತೆಗೆದೆ. ಮಾವಶಿ ಗಂಟೆ ನೋಡಿದಳು, ನನ್ನ ಮುಖ ನೋಡಿದಳು. ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಅಲ್ಲೇ ನಿಂತು ಅಲ್ಲಾಡಿಸತೊಡಗಿದಳು. ತಪ್ಪಿಸಿಕೊಂಡ ಕರುಗಳನ್ನು ಗೌಳಿಗರು ಹಟ್ಟಿಗೆ ಕರೆಯುವುದು ಹಾಗೆಯೇ ಅಂತೆ. ಮರದ ಸದ್ದು ಮೆತ್ತಗಿರುತ್ತದೆ, ಕೊಳ್ಳದಿಂದ ಹೊರಳಿ ಬರುವುದಿಲ್ಲ. ಟೊಕ್... ಸುಮ್ಮನೆ ಕಾಯುವುದು... ಟೊಕ್... ಆ ನಡುವಿನ ಮೌನದಲ್ಲಿ ಎಲ್ಲಿ ಕಲ್ಲು ಉರುಳುವ ಸದ್ದು ಕೇಳುತ್ತದೋ ಎಂದು ನಾನೂ ಕಿವಿಗೊಟ್ಟಿದ್ದೆ. ಸೆರಗು ಬಾಯಿಗೆ ತುರುಕಿಕೊಂಡು, ಬಸವಣ್ಣಾ, ಬಸವಣ್ಣಾ ಎನ್ನುತ್ತಿದ್ದೆ. ಎಷ್ಟು ಹೊತ್ತು ಹಾಗೆ ನಿಂತೆನೋ...

"ಮಾವಶೀ, ನನ್ನ ಗಂಟಿ ನಿನ್ನ ಕಡೆ ಐತಿ?"

ಮಂಜಿನೊಳಗಿಂದ ಮಗಳು ಬಂದಳು. ಮೊಣಕಾಲಿನವರೆಗೆ ಕೆಸರು. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಅದು ಎಲ್ಲಿ ಬಿತ್ತು ಎಂದು ಕೇಳುವ ಧೈರ್ಯ ನನಗೆ ಇಂದಿಗೂ ಆಗಿಲ್ಲ.

ಗಂಡ ಓಡಿಬಂದು ಮಗಳನ್ನು ಎತ್ತಿಕೊಂಡರು. "ಕೊರಳಾಗಿನ ಗಂಟಿ ಎಲ್ಲಿ ಹೋಗಿತ್ತು?" ಎಂದು ಗದರಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವಶಿ ಹೇಳಿಬಿಟ್ಟಳು, "ಸಡಿಲ ಕಟ್ಟಿದ್ನಿರಿ ಸಾಹೇಬ್ರ. ತಪ್ಪು ನಂದ."

ತೆರೆದ ಬಾಯಿ ಮುಚ್ಚಿಕೊಂಡೆ. ಆ ಮಧ್ಯಾಹ್ನವೇ ಹೊರಟೆವು. ಗಂಡ ಮಾಲೀಕರಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದರು, ನಾನು ಕಾರಿನಲ್ಲಿ ಕೂತಿದ್ದೆ. ಮಾವಶಿ ಕಿಟಕಿಯಿಂದ ಗಂಟೆಯನ್ನು ನನ್ನ ಮಡಿಲಿಗೆ ಹಾಕಿ, "ಇರ್ಲಿ, ಇಟ್ಕೋರಿ" ಎಂದಳು. ಮರುವರ್ಷ ಅಲ್ಲಿಗೆ ಹೋಗಿಬಂದ ಪರಿಚಯದವರು, ಅಡುಗೆಗೆ ಈಗ ಬೇರೆ ಹೆಂಗಸು ಇದ್ದಾಳೆ, ಆ ಮುದುಕಿಯನ್ನು ಬಿಡಿಸಿದರಂತೆ ಎಂದರು. ಹೋಗಿ ಖರೇ ಮಾತು ಹೇಳಬೇಕು ಎಂದುಕೊಂಡೇ ವರ್ಷಗಳು ಹೋದವು. ಗಂಡನಿಗೆ ಗೊತ್ತಾದರೆ ಎಂಬ ಹೆದರಿಕೆ ಅದರ ಮೇಲೆ.

ಗಂಟೆ ಸಿಕ್ಕ ಮೇಲೆ ತಡೆಯಲಾಗಲಿಲ್ಲ. ಮೊನ್ನೆ ಭಾನುವಾರ ಗಂಡನನ್ನು ಕರೆದುಕೊಂಡು, ಕೇಳಿಕೊಂಡು ಕೇಳಿಕೊಂಡು ಅವಳ ಹಟ್ಟಿಗೆ ಹೋದೆ. ಮಾವಶಿ ತೀರಿಹೋಗಿ ಎರಡು ಮಳೆಗಾಲ ಆಯಿತಂತೆ. ಸೊಸೆ ಗಂಟೆಯನ್ನು ತಟ್ಟನೆ ಗುರುತಿಸಿದಳು.

"ಬೆಳಗಾಂವದ ಕೂಸಿಂದಲ್ರೀ ಇದು? ಅತ್ತಿ ಭಾಳ ನೆನಸ್ತಿದ್ರು. ಸಡಿಲ ಕಟ್ಟಿದ್ನಿ, ಅದಕ್ಕ ಕೆಲಸ ಹೋತು ಅಂತಿದ್ರು."

ಮನೆಯವರಿಗೂ ಅವಳು ನಿಜ ಹೇಳಿರಲಿಲ್ಲ.

"ಸಡಿಲಿರಲಿಲ್ಲವ್ವಾ," ಅಂದೆ. "ನಾನ ಬಿಚ್ಚಿದ್ದೆ."

ಗಂಡ ಗಕ್ಕನೆ ತಿರುಗಿ ನನ್ನನ್ನೇ ನೋಡಿದರು. ನಾನು ಗಂಟೆಯನ್ನು ಸೊಸೆಯ ಕಡೆ ಚಾಚಿದೆ, ಅದು ಟೊಕ್ ಎಂದಿತು. ಹಟ್ಟಿಯಲ್ಲಿ ಮಲಗಿದ್ದ ಎಮ್ಮೆಗಳೆಲ್ಲ ತಲೆ ಎತ್ತಿ ಬಾಗಿಲ ಕಡೆ ನೋಡಿದವು.