ಅಂಬಾದಾಸನ ಬೇಸಗೆ ಪಟ್ಟಿ ಮತ್ತು ಎಂಟನೆಯ ಭಾಗ

ವಿಜಯಪುರದ ಗಾಂಧಿ ಚೌಕದಿಂದ ಒಳಗೆ ಹೊರಳುವ ಒಂದು ಗಲ್ಲಿಯಲ್ಲಿ ಅಂಬಾದಾಸನ ಅಂಗಡಿ ಇದೆ. ಅಂಗಡಿ ಅನ್ನುವುದು ದೊಡ್ಡ ಮಾತಾಯಿತು. ಇಬ್ಬರು ಗಿರಾಕಿ ನಿಂತರೆ ಮೂರನೆಯವನು ಗಟಾರದ ಕಲ್ಲಿನ ಮೇಲೆ ನಿಲ್ಲಬೇಕು. ಗೋಡೆ ತುಂಬ ಹಳೆಯ ಕ್ಯಾಸೆಟ್ಟುಗಳು, ಮೂಲೆಯಲ್ಲಿ ಬಾಡಿಗೆಗೆ ಕೊಡುವ ಇನ್ನೂರು ಚಿಲ್ಲರೆ ಕಾದಂಬರಿಗಳು, ನಡುವೆ ಒಂದು ಕಂಪ್ಯೂಟರು. ಮೊಬೈಲಿಗೆ ಹಾಕುವ ಉಗುರಿನಷ್ಟು ಚಿಕ್ಕ ಕಾರ್ಡಿಗೆ ಹಾಡು, ಬಯಲಾಟ ಸಣ್ಣಾಟಗಳ ರಿಕಾರ್ಡು, ಭಜನೆ ತುಂಬಿಸಿ ಕೊಡುವುದು ಅವನ ಕಸುಬು. ಈಗಿನ ಕಾಲದಲ್ಲಿ ಇದು ಯಾರಿಗೆ ಬೇಕು ಎಂದು ನೀವು ಕೇಳಬಹುದು. ಬೇಕು. ಅಡವಿಯಲ್ಲಿ ನೆಟ್‌ವರ್ಕ್ ಸಿಗದ ಕುರಿಗಾರರಿಗೆ ಬೇಕು, ಒಣದ್ರಾಕ್ಷಿ ಶೆಡ್ಡಿನಲ್ಲಿ ದಿನವಿಡೀ ಕೂತು ಹಣ್ಣು ಆರಿಸುವ ಹೆಂಗಸರಿಗೆ ಬೇಕು, ಮೊಬೈಲು ಇದ್ದರೂ ಅದರಲ್ಲಿ ಹುಡುಕಿ ತೆಗೆಯಲು ಬಾರದ ಮುದುಕರಿಗೆ ಬೇಕು.

ಶಿವರಾತ್ರಿ ಮುಗಿದು ಬಿಸಿಲು ನೆತ್ತಿ ಹಿಡಿಯುವ ಹೊತ್ತಿಗೆ ಪ್ರತಿ ವರ್ಷ ಅವನು ಒಂದು ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಪಟ್ಟಿ ಬರೆದು ಬಾಗಿಲಿಗೆ ತೂಗುಹಾಕುತ್ತಾನೆ. ಈ ಬೇಸಗೆಗೆ ಏನು ಓದಬೇಕು, ಏನು ನೋಡಬೇಕು, ಏನು ಕೇಳಬೇಕು ಎಂದು. ಆದರೆ ಪಟ್ಟಿ ನೋಡಿ ಯಾರಾದರೂ "ಮೂರನೇದ ಕೊಡ್ರಿ" ಅಂದರೆ ಮುಗಿಯಿತು, ಅವನ ಹುಬ್ಬು ಗಂಟಾಗುತ್ತದೆ. "ನೀ ಏನ ಕೆಲಸಾ ಮಾಡ್ತಿ? ಮನ್ಯಾಗ ಯಾರ್‍ಯಾರ ಅದೀರಿ? ನಿದ್ದಿ ಬರತೈತೋ ಇಲ್ಲೋ?" ಎಂದು ವೈದ್ಯರ ಹಾಗೆ ವಿಚಾರಿಸುತ್ತಾನೆ. ಶೆಡ್ಡಿನ ಹೆಂಗಸರಿಗೆ ನಗೆಯ ಆಟ. ಹೊಸದಾಗಿ ಗಂಡನ ಮನೆಗೆ ಹೋಗುವವಳಿಗೆ ಒಂದು ತೆಳ್ಳನೆಯ ಕಾದಂಬರಿ, ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡು ಹೋಗಲು. ಸಾವಾದ ಮನೆಯವರಿಗೆ ಒಂದು ತಿಂಗಳು ಏನನ್ನೂ ಕೊಡುವುದಿಲ್ಲ. "ಮೊದಲ ಅತ್ತು ಮುಗಸ್ರಿ, ಆಮ್ಯಾಲ ಬರ್ರಿ," ಎಂದು ಕಳಿಸಿಬಿಡುತ್ತಾನೆ. ವ್ಯಾಪಾರಸ್ಥನಾಗಿ ಅವನು ಉದ್ಧಾರವಾಗಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದರ ಮೇಲೆ ಅವನದೊಂದು ಹಟ ಇತ್ತು. ಉದ್ದನೆಯ ಆಟವನ್ನು ಒಮ್ಮೆಲೇ ಪೂರ್ತಿ ಕೊಡುತ್ತಿರಲಿಲ್ಲ. ಕಡೆಯ ಭಾಗ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಿದ್ದ. ಅಲ್ಲಿಯವರೆಗೆ ಕೇಳಿದವನು ಬಂದು, ಅಂಗಡಿಯ ಎದುರು ನಿಂತು, ಹೇಗಿತ್ತು ಎಂದು ತನ್ನ ಬಾಯಿಂದ ಹೇಳಬೇಕು, ಆಮೇಲೆ ಉಳಿದದ್ದು. ಹಿಂದೆ ಪೂರ್ತಿ ಕೊಟ್ಟು ನೋಡಿದ್ದನಂತೆ. ಜನ ಅರ್ಧವೂ ಕೇಳದೆ "ಹೂಂ, ಛಲೋ ಐತಿ" ಅಂದು ಹೋಗುತ್ತಿದ್ದರು. ಅದು ಅವನ ಮೈ ಉರಿಸುತ್ತಿತ್ತು. ಟಿಕೋಟಾದಿಂದ ದಿನಾ ಬಸ್ಸು ಹತ್ತಿ ಬಂದು, ಐವತ್ತೆಂಟನೆಯ ವಯಸ್ಸಿನಲ್ಲಿ ಆ ಗೂಡಿನಲ್ಲಿ ಬೇಯುವುದು ಕತೆ ಕೇಳಿ ಬಂದು ಹೇಳುವವರ ಮಾತಿಗಾಗಿಯೇ ಎಂದು ಅವನ ಹೆಂಡತಿ ಸೀತವ್ವನಿಗೆ ಗೊತ್ತಿತ್ತು. "ನೀ ಏನ ಸಾಲಿ ಮಾಸ್ತರ ಏನ, ಮಂದಿ ಪರೀಕ್ಷಾ ತಗೊಳ್ಳಾಕ?" ಎಂದು ಅವಳು ಬೈಯುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಈ ಪರೀಕ್ಷೆಯಲ್ಲಿ ಹದಿನಾಲ್ಕು ವರ್ಷ ಸತತವಾಗಿ ಪಾಸಾದವನು ಒಬ್ಬನೇ. ಮಮದಾಪುರದ ಕುರಿಗಾರ ಅಮೋಘಿ. ಹೆಬ್ಬೆಟ್ಟಿನ ಮನುಷ್ಯ, ಆದರೆ ಕೇಳಿದ ಕತೆ ಹೇಳಲು ನಿಂತನೆಂದರೆ ಗಲ್ಲಿಯೇ ನಿಂತುಬಿಡಬೇಕು. ಕಂಬಳಿ ಹೆಗಲಿಗೇರಿಸಿ, ಕೈಯಲ್ಲಿದ್ದ ಕೋಲನ್ನೇ ಒಮ್ಮೆ ಕತ್ತಿ ಮಾಡಿ, ಒಮ್ಮೆ ಕೂಸು ಮಾಡಿ, ರಾಜನಾಗಿ ಗದರಿ, ಸೂಳೆಯಾಗಿ ಸೊಂಟ ಬಳುಕಿಸಿ, ಮೂಲ ಆಟದಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳುತ್ತಿದ್ದ. ಬಾಯಿ ತುಂಬ ತಂಬಾಕು, ಅದರ ನಡುವೆ ಮಾತು. ಅಂಬಾದಾಸ ಸುಳ್ಳು ಸಿಟ್ಟು ತೋರಿಸಿ "ಲೇ ಅಮೋಘಿ, ಇದು ಎಲ್ಲೈತೋ ಆಟದಾಗ?" ಅಂದರೆ, "ಇರಬೇಕಿತ್ತು ಖರೆ, ಅವರು ಮರತಾರ!" ಅನ್ನುತ್ತಿದ್ದ. ಅಂಬಾದಾಸನಿಗೆ ವರ್ಷದಲ್ಲಿ ಅದೇ ಹಬ್ಬ.

ಈ ವರ್ಷ ಶಿವರಾತ್ರಿ ಆದ ಮೇಲೆ ಅಮೋಘಿ ಬರಲಿಲ್ಲ. ಅವನ ಹೆಂಡತಿ ಹೊಳೆವ್ವ ಬಂದಳು. ಸೆರಗಿನ ತುದಿಗೆ ಕಟ್ಟಿದ ಗಂಟು ಬಿಚ್ಚಿ ಕಾರ್ಡು ಕೊಟ್ಟು, "ನಮ್ಮ ಮನಿಯವರು ಕಳಿಸ್ಯಾರ್ರಿ. ಬ್ಯಾಸಗಿದು ಹಾಕಿ ಕೊಡಬೇಕಂತ್ರಿ," ಅಂದಳು.

"ಅಂವ ಎಲ್ಲದಾನ?"

"ಕುರಿ ಸಂಗಾಟ ಅದಾರ್ರಿ."

ಅಂಬಾದಾಸ ನಂಬಿದ. ಅಮೋಘಿಗಾಗಿಯೇ ಎತ್ತಿಟ್ಟಿದ್ದ ಒಂದು ಆಟವನ್ನು ಆ ದಿನ ತೆಗೆದ. ಇಪ್ಪತ್ತೆಂಟು ವರ್ಷದ ಹಿಂದೆ ನಿಡೋಣಿಯಲ್ಲಿ ಬೆಳತನಕ ನಡೆದ ಸಣ್ಣಾಟ, ಅಂಬಾದಾಸನೇ ಕಡ ತಂದ ಟೇಪು ಹಿಡಿದು ರಿಕಾರ್ಡು ಮಾಡಿದ್ದು. ಎಂಟು ಭಾಗ. ಆಡಿದವರಲ್ಲಿ ಈಗ ಯಾರೂ ಉಳಿದಿಲ್ಲ, ಮತ್ತೊಂದು ಪ್ರತಿ ಎಲ್ಲಿಯೂ ಇಲ್ಲ. ಬರಗಾಲದಲ್ಲಿ ತಂಗಿಯನ್ನು ದೂರದ ಊರಿನವರಿಗೆ ಕೊಟ್ಟುಬಿಟ್ಟ ಅಣ್ಣ, ಮುಪ್ಪಿನಲ್ಲಿ ಅವಳನ್ನು ಹುಡುಕಿಕೊಂಡು ಹೊರಡುವ ಕತೆ. ಏಳನೆಯ ಭಾಗದ ಕೊನೆಗೆ ಅಣ್ಣ ಅವಳ ಬಾಗಿಲು ಬಡಿಯುತ್ತಾನೆ. ತಂಗಿ ಒಳಗಿನಿಂದ "ನನಗ ಅಣ್ಣ ಇಲ್ಲ" ಅನ್ನುತ್ತಾಳೆ. ಅಲ್ಲಿಗೆ ನಿಲ್ಲುತ್ತದೆ. ಏಳು ಭಾಗ ತುಂಬಿಸಿ ಕೊಟ್ಟು, "ಕಡೇದ್ದಕ್ಕ ಅಂವನ ಬರಬೇಕಂತ ಹೇಳವ್ವ," ಎಂದು ಅಂಬಾದಾಸ ಕಾಯುತ್ತ ಕೂತ. ಈ ಆಟ ಅಮೋಘಿಯ ಬಾಯಲ್ಲಿ ಹೇಗೆ ಬಂದೀತೋ ಎಂದು ಒಬ್ಬನೇ ನಗುತ್ತಿದ್ದ.

ಯುಗಾದಿಯ ಮರುದಿನ ಬಂದವಳು ಮತ್ತೆ ಹೊಳೆವ್ವನೇ. ಅಂಗಡಿಯ ಮುಂದೆ ಇಬ್ಬರು ಗಿರಾಕಿ ನಿಂತಿದ್ದರು.

"ಏಳೂ ಕೇಳಿ ಮುಗದಾವ್ರಿ ಅಣ್ಣಾರ. ಕಡೇದ ಹಾಕಿ ಕೊಡ್ರಿ."

ಅಂಬಾದಾಸನ ಮನಸ್ಸಿಗೆ ನಾಟಿತು. ಹದಿನಾಲ್ಕು ವರ್ಷದ ಸಲಿಗೆ, ಒಂದು ಬಸ್ಸು ಹತ್ತಿ ಬರಲು ಆಗಲಿಲ್ಲವೇ ಅವನಿಗೆ? ಹೊಸ ಮೊಬೈಲು ತಗೊಂಡಿರಬೇಕು, ಎಲ್ಲರ ಹಾಗೆ ಬೆರಳು ಜಾರಿಸುತ್ತ ಕೂತಿರಬೇಕು, ಇನ್ನು ಅಂಬಾದಾಸ ಯಾರು, ಗಾಂಧಿ ಚೌಕ ಯಾವುದು!

"ಅಂವ ಬರ್ಲಿ," ಅಂದ.

"ಅವರಿಗೆ ಬರಾಕ ಆಗಂಗಿಲ್ರಿ."

"ಯಾಕಂತ? ಕುರಿ ಅಡ್ಡ ಬರತಾವೋ, ಹೊಸಾ ಮೊಬೈಲ ಅಡ್ಡ ಬರತೈತೋ?"

ಹೊಳೆವ್ವ ಆ ಇಬ್ಬರು ಗಿರಾಕಿಗಳ ಕಡೆ ನೋಡಿದಳು. ಸೆರಗಿನ ಅಂಚನ್ನು ಬಾಯಿಗೆ ಹಿಡಿದಳು. "ಆರಾಮಿಲ್ರಿ," ಎಂದಳು ಸಣ್ಣ ದನಿಯಲ್ಲಿ.

"ಆರಾಮ ಆದಮ್ಯಾಲ ಬರ್ಲಿ. ಕತಿ ಎಲ್ಲೂ ಓಡಿ ಹೋಗಂಗಿಲ್ಲ. ತನ್ನ ಬಾಯಿಲೆ ಬಂದು ಹೇಳ್ಲಿ, ತಗೊಂಡು ಹೋಗ್ಲಿ. ನನ್ನ ಪದ್ಧತಿ ಅಂವಗ ಗೊತ್ತೈತಿ."

ಅವಳು ಇನ್ನೊಂದು ಗಳಿಗೆ ನಿಂತಳು. ಏನೋ ಹೇಳುವವಳಿದ್ದಳು. ಗಿರಾಕಿಗಳಲ್ಲಿ ಒಬ್ಬ ಅವಳನ್ನೇ ನೋಡುತ್ತಿದ್ದ. "ಹೂಂನ್ರಿ," ಎಂದು ಹೋದಳು.

ಆ ದಿನ ಟಿಕೋಟಾದಲ್ಲಿ ರೊಟ್ಟಿ ಬಡಿಯುತ್ತ ಕೂತ ಸೀತವ್ವನಿಗೆ ಅವನು ಇದನ್ನು ಜಂಬದಿಂದಲೇ ಹೇಳಿದ. ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

"ಹೆಣ್ಣಮಗಳು ಮಮದಾಪುರದಿಂದ ಬಬಲೇಶ್ವರಕ ಬಂದು, ಅಲ್ಲಿ ಬಸ್ ಬದಲ ಮಾಡಿ, ಇಂಥಾ ಬಿಸಲಾಗ ನಿನ್ನ ಅಂಗಡಿಗೆ ಎರಡ ಸರ್ತೆ ಬಂದಾಳ. ಸುಮ್ನ ಬಂದಿರತಾಳೇನ? ನಿನ್ನ ಪದ್ಧತಿಗೆ ಬೆಂಕಿ ಹಚ್ಚಲಿ!"

ಅಂಬಾದಾಸನಿಗೆ ಆ ಮಾತು ಚುಚ್ಚಿತು. ಮರುದಿನ ಅಂಗಡಿ ತೆರೆದವನೇ ಒಂದು ಹೊಸ ಕಾರ್ಡಿಗೆ ಎಂಟನೆಯ ಭಾಗ ಹಾಕಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಐತವಾರ ಮಮದಾಪುರಕ್ಕೆ ಹೋಗಿ, ಬಾಗಿಲಲ್ಲಿ ನಿಂತು ಅಮೋಘಿಯನ್ನು ಚೆನ್ನಾಗಿ ಬೈದು, ಕೊಟ್ಟು ಬಂದರಾಯಿತು. ಐತವಾರ ಬಂತು, ಬಿಸಿಲು ನಲವತ್ತೆರಡು ದಾಟಿತ್ತು, ತಲೆ ಸಿಡಿಯುತ್ತಿತ್ತು, ಮುಂದಿನ ವಾರ ನೋಡೋಣ ಅಂದ. ಮುಂದಿನ ಐತವಾರ ಟಿಕೋಟಾದಲ್ಲೇ ಬೀಗರ ಮನೆಯ ಮದುವೆ, ಊಟ, ನಿದ್ದೆ. ಅಷ್ಟಕ್ಕೂ ಅವನೇ ಬರಬಾರದೇನು ಎಂಬ ಹಟವೂ ಪೂರ್ತಿ ಇಳಿದಿರಲಿಲ್ಲ. ನಮ್ಮ ಜನರ ಸಿಟ್ಟು ಹೀಗೇ. ಯಾರ ಮೇಲೆ ಜೀವ ಇದೆಯೋ ಅವರ ಮೇಲೆಯೇ ಅದು ತಿಂಗಳುಗಟ್ಟಲೆ ಬಾಳುತ್ತದೆ.

ಅದಾಗಿ ಹದಿನೈದು ದಿನದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಹೊಳೆವ್ವ ಮೂರನೆಯ ಸಲ ಬಂದಳು. ಹಣೆ ಬರಿದು, ಕೈ ಬರಿದು. ಅಂಬಾದಾಸ ಕುರ್ಚಿಯಿಂದ ಎದ್ದು ನಿಂತ.

"ಏನಾತವ್ವ?"

ಅವಳು ಅಳಲಿಲ್ಲ. ಗಟಾರದ ಕಲ್ಲಿನ ಮೇಲೆ ನಿಂತು, ಬೇರೆ ಯಾರದೋ ಸುದ್ದಿ ಹೇಳುವವಳ ಹಾಗೆ ಹೇಳಿದಳು.

"ದೀಪಾವಳಿ ಮುಂದ ಬಾಯಾಗ ಹುಣ್ಣಾಗಿತ್ತರಿ. ಆ ದೊಡ್ಡ ಜಡ್ಡು. ಆಪರೇಶನ್ ಮಾಡಿ ನಾಲಗಿ ತಗದಿದ್ರು. ಮಾತು ಹೋಗಿತ್ತರಿ. ಯಾರಿಗೂ ಹೇಳಬ್ಯಾಡಂತ ಕೈ ಮಾಡಿ ಆಣಿ ಹಾಕ್ಸಿದ್ರು. ನಿಮಗಂತೂ ಹೇಳಬಾರದಂತ. ನಾ ಅವತ್ತ ಹೇಳಬೇಕಂತಿದ್ದೆ, ಮಂದಿ ನಿಂತಿದ್ರು."

ಅಂಬಾದಾಸ ಕುರ್ಚಿಯ ಬೆನ್ನು ಹಿಡಿದುಕೊಂಡ. ತನ್ನ ಬಾಯಿಲೆ ಬಂದು ಹೇಳ್ಲಿ ಅಂದಿದ್ದು ಅವನೇ.

"ನೀವು ಅಂದದ್ದನ್ನ ನಾ ಹಂಗ ಹೇಳಿದ್ನಿರಿ. ಕಣ್ಣಿಲೆ ನಕ್ಕರು. ಹನ್ನೆರಡ ದಿನ ಅವೇ ಏಳ ಭಾಗ ಮತ್ತ ಮತ್ತ ಹಚ್ಕೊಂಡು ಕುಂತ್ರು. ಆಮ್ಯಾಲ ಒಂದ ಸೋಮವಾರ, ನಾ ಕುರಿ ಹೊಡಕೊಂಡು ಹೋದಾಗ, ಮಡಿ ಧೋತ್ರ ಉಟ್ಟು, ಬಾಯಿಗೆ ಟವೆಲ್ಲಾ ಸುತಗೊಂಡು ಇಲ್ಲಿಗಂತ ಹೊಂಟಾರ್ರಿ."

"ಇಲ್ಲಿಗಾ?"

"ಹೂಂನ್ರಿ. ಬಬಲೇಶ್ವರದಾಗ ಬಸ್ ಇಳದು, ಈ ಕಡೆ ಬಸ್ಸಿಗಂತ ಒಂದ ಗಿಡದ ಬುಡಕ ಕುಂತಾರ. ಬಿಸಲ ಹತ್ತೈತಿ. ನೀರ ಕೇಳಾಕ ಬಾಯಿಲ್ಲ. ಕೈ ಮಾಡ್ಯಾರ, ಹಂಗ ಹೊಳ್ಳಿ ಬಿದ್ದಾರ. ಮಂದಿ ಕುಡದು ಬಿದ್ದಾನಂತ ತಿಳಕೊಂಡು ದಾಟಿ ಹೋಗ್ಯಾರ್ರಿ. ಸಂಜಿಮುಂದ ನಮ್ಮೂರವ ಒಬ್ಬ ನೋಡಿ ಗುರ್ತ ಹಿಡದ. ಅಷ್ಟೊತ್ತಿಗೆ ಹೋಗಿಬಿಟ್ಟಿದ್ರು."

ಅಂಬಾದಾಸ ಲೆಕ್ಕ ಹಾಕಿದ. ಹಾಕಬಾರದಿತ್ತು, ಆದರೆ ತಲೆ ತಾನೇ ಹಾಕಿತು. ಆ ಸೋಮವಾರದ ಹಿಂದಿನ ದಿನ ಅವನು ಮದುವೆಯಲ್ಲಿ ಉಂಡು ಮಲಗಿದ್ದ, ಕಾರ್ಡು ಕಿಸೆಯಲ್ಲೇ ಇತ್ತು. ಯಪ್ಪಾ, ಎಂಥ ಕೆಲಸ ಮಾಡಿದೆ ಎಂದು ಅಲ್ಲೇ ಕುಸಿದು ಕೂತ. ದೊಡ್ಡ ಮನುಷ್ಯ, ಹಾಡುಹಗಲಲ್ಲಿ, ಗಲ್ಲಿಯ ಜನ ನೋಡುತ್ತಿರುವಾಗ, ಹಣೆ ಬಡಿದುಕೊಂಡು ಅತ್ತ. ಹೊಳೆವ್ವ ಸಮಾಧಾನ ಮಾಡಲಿಲ್ಲ; ಬೈಯಲೂ ಇಲ್ಲ. ಅವನ ಅಳು ನಿಲ್ಲುವ ತನಕ ಕಾದಳು. ಆಮೇಲೆ ಕೇಳಿದಳು:

"ಈಗ ಹೇಳ್ಲೇನ್ರಿ?"

"ಏನವ್ವ?"

"ಹೆಂಗಿತ್ತಂತ. ನೀವ ಹೇಳಿದ್ರಲ್ರಿ, ಬಂದು ಹೇಳಬೇಕಂತ. ಅವರು ಹೇಳಾಕ ಹೊಂಟಿದ್ರು. ಅವರ ದಿವಸಾ ಮುಗದಾವು, ನಾ ಬಂದೇನಿ."

ಅಂಬಾದಾಸ ಬೇಡ ಎಂದು ಕೈ ಅಲ್ಲಾಡಿಸಿದ. ಅವಳು ಕೇಳಲಿಲ್ಲ.

"ಅಣ್ಣ ಕಂಬಳಿ ಮಾರತಾನಲ್ರಿ, ಅಲ್ಲಿ ಅತ್ತರು. ತಮ್ಮ ಕಂಬಳಿ ಮುಟ್ಟಿ ತೋರ್ಸಿ ಅತ್ತರು. ಹೊಳಿ ದಾಟೂದು ಬರತೈತಲ್ರಿ, ಅದನ್ನ ನಾಕ ಸರ್ತೆ ಹಚ್ಚಿದ್ರು. ನನಗ ಕೋಲ ಹಿಡದು ಮಾಡಿ ತೋರ್ಸಿದ್ರು, ಹುಟ್ಟ ಹಾಕಿದಂಗ. ಛಲೋ ಇತ್ತರಿ. ಭಾಳ ಛಲೋ ಇತ್ತಂತ್ರಿ."

ಅಂಬಾದಾಸ ಕಿಸೆಯ ಕಾರ್ಡು ತೆಗೆದು ಮುಂದೆ ಹಿಡಿದ. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ.

"ನನಗ ಬ್ಯಾಡ್ರಿ. ಒಂದ ಮಾತ ಹೇಳ್ರಿ ಸಾಕು. ಕಡೇಕ ಹಿಂಗ ಬಾಗಲಾ ಬಡದು ತೋರ್ಸಿ, ಆಕಿ ತಗೀತಾಳೇನಂತ ನನ್ನ ಕೇಳತಿದ್ರು. ದಿನಾ ಕೇಳತಿದ್ರು. ನನಗೇನ ಗೊತ್ರಿ? ತಗೀತಾಳೇನ್ರಿ ಆಕಿ?"

"ತಗೀತಾಳವ್ವ," ಎಂದ ಅಂಬಾದಾಸ.

ಹೊಳೆವ್ವ ಕಾರ್ಡಿನಿಂದ ಕಣ್ಣು ಎತ್ತಿ ಅವನನ್ನು ನೋಡಿದಳು.

"ಇಷ್ಟ ಹೇಳಿ ಕಳಿಸಿದ್ರ ಸಾಕಿತ್ತಲ್ರೀ ಅಣ್ಣಾರ ಅವತ್ತ," ಎಂದಳು. "ನಾ ಹೋಗಿ ಹೇಳತಿದ್ದೆ."

ಬಬಲೇಶ್ವರದ ಬಸ್ಸಿಗೆ ಹೊತ್ತಾಗಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು ಅವಳು ಬಿಸಿಲಿಗೆ ಇಳಿದಳು.