ಬೂಟು ಹಾಕಿಕೊಂಡೇ ಒಳಗೆ ಬಂದವರು

ಮಧ್ಯಾಹ್ನ ಎರಡು ಗಂಟೆ ಹದಿನೇಳು ನಿಮಿಷಕ್ಕೆ, ನನ್ನ ಲ್ಯಾಪ್‌ಟಾಪಿನ ಪರದೆಯಲ್ಲಿ, ನನ್ನ ಹೆಗಲ ಹಿಂದೆ, ಕೆಸರು ಮೆತ್ತಿದ ಒಂದು ಜೊತೆ ಹಳದಿ ರಬ್ಬರ್ ಬೂಟು ತತಾಮಿ ಚಾಪೆಯ ಮೇಲೆ ಓಡಿಬಂತು. ಬೂಟಿನೊಳಗೆ ಇದ್ದವರು ನನ್ನ ಮನೆಯೊಡತಿ. ಇಲ್ಲಿನವರ ಮಾತಿನಲ್ಲಿ ಓಯಾ-ಸಾನ್. ಜಪಾನಿನ ಹಮಾಮತ್ಸುವಿನ ಆ ಮಹಡಿಗೆ ನಾನು ಬಂದ ದಿನ, ಸೂಟ್‌ಕೇಸಿನ ಚಕ್ರಗಳನ್ನೂ ಒರೆಸಿಸಿ ಒಳಗೆ ಬಿಟ್ಟಿದ್ದವರು.

ಕೆಳಗೆ ಅವರೊಬ್ಬರೇ, ಮೇಲೆ ನಾನೊಬ್ಬಳೇ. ವಾರವಿಡೀ ಬೈಕ್ ಎಂಜಿನ್ನಿನ ಕೆಲಸ. ಶನಿವಾರ, ಭಾನುವಾರ ನಮ್ಮೂರ ಕಡೆಯ ವಿಶ್ವವಿದ್ಯಾಲಯವೊಂದರ ದೂರಶಿಕ್ಷಣ, ಸ್ನಾತಕೋತ್ತರ ಪದವಿಗೆ. ತರಗತಿ ಎಂದರೆ ಹೆಸರು ಹೊತ್ತ ಕಪ್ಪು ಚೌಕಗಳು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಹಾಗಾಗಿ ಎಲ್ಲರೂ ಇರುತ್ತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. "ಆಡಿಬಲ್ ಸರ್" ಎಂಬುದನ್ನು ಬಿಟ್ಟರೆ ಸಹಪಾಠಿಗಳ ದನಿ ಕೇಳಿದ ನೆನಪಿಲ್ಲ.

"ಇವತ್ತೇನು ಕಲಿತೆ, ಇಂಡೋ-ಸಾನ್?" ಎಂದು ಮೆಟ್ಟಿಲ ಬುಡದಿಂದ ಕೇಳುತ್ತಿದ್ದವರು ಅವರೊಬ್ಬರೇ. ಇಂಡೋ ಎಂದರೆ ಭಾರತ, ಸಾನ್ ಎಂದರೆ ನಮ್ಮ 'ಅವರೇ' ಇದ್ದಂತೆ. ನನ್ನ ಹೆಸರಿಗೆ ಅವರ ನಾಲಗೆ ಹೊರಳುತ್ತಿರಲಿಲ್ಲ. ನಾನು ಏನೇ ವಿವರಿಸಲಿ, "ಹೌದೌದು, ಬದನೆ ಗಿಡಕ್ಕೂ ಹಾಗೇ" ಎನ್ನುತ್ತಿದ್ದರು.

ಪರೀಕ್ಷೆಯ ನಿಯಮಗಳನ್ನೂ ಹೇಳಿದ್ದೆ. ಕ್ಯಾಮೆರಾಕ್ಕೆ ಬಾಗಿಲು ಕಾಣಬೇಕು. ಮುಖ ಚೌಕಟ್ಟಿನಿಂದ ಆಚೆ ಹೋಗಬಾರದು. ಕೋಣೆಗೆ ಇನ್ನೊಬ್ಬರು ಕಾಲಿಟ್ಟರೆ ಪತ್ರಿಕೆ ರದ್ದು, ಪದವಿ ಮುಂದಕ್ಕೆ. ಅಂದಿನಿಂದ ಪರೀಕ್ಷೆಯ ದಿನಗಳಲ್ಲಿ ಮೆಟ್ಟಿಲ ಪಕ್ಕದ ಬದನೆ ಪಾತಿಯಲ್ಲಿ ಅವರ ಕಾವಲು. "ಶ್! ಮೇಲೆ ಪರೀಕ್ಷೆ!" ಎಂದು ಪಾರ್ಸೆಲ್ಲಿನವನನ್ನು ಗದರಿಸಿದ್ದು ನನಗೆ ಮೇಲಕ್ಕೇ ಕೇಳಿಸಿತ್ತು. ಅವರ ಪಿಸುಮಾತಿಗೂ ಅಷ್ಟು ಗಂಟಲು.

ಕೊನೆಯ ಪತ್ರಿಕೆಯ ನಡುವೆ ನೆಲ ಅಲುಗಿತು. ತಕ್ಷಣ ಮೇಜಿನಡಿ ಹೋಗಬೇಕೆಂದು ಇಲ್ಲಿ ಮಗುವಿಗೂ ಗೊತ್ತು. ನಾನು ಹೋಗಲಿಲ್ಲ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಚೌಕಟ್ಟಿನೊಳಗೇ ಇರಲೆಂದು ನೆಟ್ಟಗೆ ಕೂತೆ. ಬಾಗಿಲು ಕಾಣಲೆಂದು ಮೇಜನ್ನು ಗೋಡೆಯ ಕಪಾಟಿನ ಕೆಳಗೆ ಸರಿಸಿದ್ದೆ. ಅದು ತಲೆಯ ಮೇಲೆ ಕಿರುಗುಟ್ಟುತ್ತಿತ್ತು.

"ದಡ್ಡೀ! ಕೆಳಗೆ!"

ಓಡಿಬಂದ ಓಯಾ-ಸಾನ್ ನನ್ನ ಕತ್ತಿನ ಪಟ್ಟಿ ಹಿಡಿದು ಮೇಜಿನಡಿಗೆ ಎಳೆದುಕೊಂಡರು. ಕಪಾಟು ನನ್ನ ಕುರ್ಚಿಯ ಮೇಲೆ ಬಿತ್ತು. ಕುರ್ಚಿ ಮುರಿದ ಆ ಸದ್ದು ಇವತ್ತಿಗೂ ತನಗೆ ಬೇಕೆನಿಸಿದಾಗ ಬಂದು ಹೋಗುತ್ತದೆ.

ಎಲ್ಲ ನಿಂತ ಮೇಲೆ ಅವರು ನೋಡಿದ್ದು ನೆಲಕ್ಕೆ ಬಿದ್ದ ಲ್ಯಾಪ್‌ಟಾಪನ್ನು. ಕ್ಯಾಮೆರಾದ ದೀಪ ಇನ್ನೂ ಉರಿಯುತ್ತಿತ್ತು. ಅದರ ಮುಂದೆ ಮಂಡಿಯೂರಿ, ಹಣೆ ಚಾಪೆಗೆ ತಾಗುವಂತೆ ಬಾಗಿದರು. "ಸುಮಿಮಾಸೆನ್, ಕ್ಷಮಿಸಿ. ನಾನಾಗೇ ಬಂದೆ. ಇವಳು ಕರೀಲಿಲ್ಲ." ಆಮೇಲೆ ಕಾಲಲ್ಲಿದ್ದ ಬೂಟು ಕಂಡು, ನನಗೂ ಒಂದು ಸುಮಿಮಾಸೆನ್.

ಪರೀಕ್ಷಾ ವಿಭಾಗದವರು ಫೋನಿನಲ್ಲಿ ಒರಟಾಗೇನೂ ಮಾತಾಡಲಿಲ್ಲ. "ಅರ್ಥ ಆಗತ್ತಮ್ಮಾ. ಆದ್ರೆ ಫ್ರೇಮಲ್ಲಿ ಸೆಕೆಂಡ್ ಪರ್ಸನ್ ಇದಾರಲ್ಲ? ಸಿಸ್ಟಮ್ಮಲ್ಲಿ ಭೂಕಂಪ ಅಂತ ಆಪ್ಷನ್ನೇ ಇಲ್ಲ. ನೆಕ್ಸ್ಟ್ ಸೆಮ್ ಬರ್ದ್ಬಿಡಿ."

ಅಲ್ಲಿಂದ ನಿದ್ದೆ ಕೆಟ್ಟಿತು. ಲಾರಿ ಹಾದುಹೋದರೂ ಎದ್ದು ಕೂರುತ್ತಿದ್ದೆ. ಕೆಳಗೆ ಓಯಾ-ಸಾನ್ ಕೆಮ್ಮಿದರೆ ಸ್ವಲ್ಪ ಧೈರ್ಯ. ಚಳಿಗಾಲದಲ್ಲಿ ಅದೇ ಕೆಮ್ಮು ಅವರನ್ನು ಆಸ್ಪತ್ರೆಗೆ ಸೇರಿಸಿತು.

"ಪರೀಕ್ಷೆ ಯಾವಾಗ?" ಎಂದು ಆಸ್ಪತ್ರೆಯ ಹಾಸಿಗೆಯಿಂದಲೇ ಕೇಳಿದರು.

"ಜೂನ್‌ನಲ್ಲಿ."

"ಹಾಗಾದ್ರೆ ಕಾವಲಿಗೆ ಯಾರು?"

"ನೀವೇ," ಎಂದೆ.

"ಸರಿ. ಬೂಟು ತೊಳೆದಿಡು."

ಅವರು ಮನೆಗೆ ಮರಳಲಿಲ್ಲ. ಜೂನ್‌ನಲ್ಲಿ ಬೂಟು ತೊಳೆದೆ. ಅವರಿದ್ದರೆ ಎಂದೂ ಒಪ್ಪದ ಜಾಗದಲ್ಲಿ, ಬಾಗಿಲಿನ ಒಳಗೆ, ಚಾಪೆಯ ಮೇಲೇ ಇಟ್ಟು ಪರೀಕ್ಷೆಗೆ ಕೂತೆ.

"ಮ್ಯಾಡಮ್, ಹಿಂದೆ ಡೋರ್ ಹತ್ರ ಯಾರಿದಾರೆ?" ಎಂದಿತು ಮೇಲ್ವಿಚಾರಕರ ದನಿ.

"ಯಾರೂ ಇಲ್ಲ ಸರ್. ಬೂಟು."

"ಓಕೆ, ಬರೀರಿ."

ಬರೆದೆ. ಆ ರಾತ್ರಿ, ಎಷ್ಟೋ ತಿಂಗಳ ಮೇಲೆ, ಬೆಳಕು ಹರಿಯುವವರೆಗೆ ಒಂದೇ ನಿದ್ದೆ. ಎದ್ದಾಗ ಬೂಟು ಬಾಗಿಲಲ್ಲೇ ಇತ್ತು.