ಬೀಗರ ಊಟಕ್ಕೆ ಹೊರಟ ಗಾಡಿಯ ಟೈರು

೨೦೨೨ರ ಬೇಸಿಗೆಯಲ್ಲಿ ನಾನು ಹುಣಸೂರಿನಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಲೈಸೆನ್ಸು, ಗಾಡಿ ಓಡಲು ಯೋಗ್ಯವೆನ್ನುವ ಎಫ್‌ಸಿ ಇಷ್ಟೇ ನಮ್ಮ ಕೆಲಸವೆಂದು ಜನ ತಿಳಿದಿರುತ್ತಾರೆ. ಅಪಘಾತವಾದ ಗಾಡಿಯನ್ನು ಪರೀಕ್ಷಿಸಿ, ದೋಷ ಗಾಡಿಯದೋ ಅಲ್ಲವೋ ಎಂದು ಪೊಲೀಸರಿಗೆ ವರದಿ ಕೊಡುವುದೂ ನಮ್ಮದೇ. ಆ ಕೆಲಸ ನನಗೆ ಎಂದೂ ಹಿಡಿಸಲಿಲ್ಲ. ಸೀಟಿನ ಕೆಳಗೆ ಒಂಟಿ ಚಪ್ಪಲಿ, ಮುರಿದ ಬಳೆ, ಎಲೆಅಡಿಕೆ ಚೀಲ ಬಿದ್ದಿರುತ್ತವೆ. ಅವನ್ನು ಸರಿಸಿ ಬ್ರೇಕ್ ಪೆಡಲ್ ಒತ್ತಿ ನೋಡಬೇಕು.

ಆ ದಿನ ಠಾಣೆಯ ಅಂಗಳದಲ್ಲಿ ನಿಂತಿದ್ದದ್ದು ಹದಿನಾರು ವರ್ಷ ಹಳೆಯ ಎಸ್‌ಯುವಿ. ಮಿರ್ಲೆಯ ನಾಗರಾಜೇಗೌಡರದ್ದು. ಮಗನ ಮದುವೆ ಮುಗಿಸಿ, ಹಂಪಾಪುರದ ಹೆಣ್ಣಿನ ಮನೆಗೆ ಬೀಗರ ಊಟಕ್ಕೆ ಜನರನ್ನು ಕಳಿಸಿದ್ದರು. ಹುಣಸೂರು ದಾಟಿ ಕೋಟೆ ರಸ್ತೆಯ ತಿರುವಿನಲ್ಲಿ ಮುಂದಿನ ಬಲ ಟೈರು ಸಿಡಿದು, ಗಾಡಿ ರಸ್ತೆ ದಾಟಿ ತಿರುಗಿ, ಎಡ ಮಗ್ಗುಲು ಮರಕ್ಕೆ ಬಡಿದಿತ್ತು. ಮುಂದಿನ ಎಡ ಸೀಟಿನಲ್ಲಿದ್ದ ಸಿದ್ದರಾಜು ಅಲ್ಲೇ ಸತ್ತ. ಓಡಿಸುತ್ತಿದ್ದವನು ಮಾದೇವ, ಗೌಡರ ಮನೆಯ ಡ್ರೈವರ್. ಸತ್ತವನು ಅವನ ಸ್ವಂತ ತಂಗಿ ಲಕ್ಷ್ಮಿಯ ಗಂಡ.

ಅಡ್ಡಾದಿಡ್ಡಿ ಓಡಿಸಿದನೆಂದು ಮಾದೇವನ ಮೇಲೆ ಕೇಸಾಗಿತ್ತು. ತಂಗಿ ಅವನನ್ನು ಗಂಡನ ಹೆಣದ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಕೈಗೆ ಕಟ್ಟು ಹಾಕಿಸಿಕೊಂಡು ಠಾಣೆಯ ಗೋಡೆಗೆ ಒರಗಿ ಕೂತಿದ್ದ ಅವನು ನನ್ನನ್ನು ಕಂಡವನೇ ಎದ್ದು ನಿಂತ. “ಸಾ, ನಾನು ಜೋರಾಗಿ ಓಡಿಸ್ನಿಲ್ಲ. ಜೈಲ್ಗಾದ್ರೂ ಓಯ್ತೀನಿ, ನನ್ ತಂಗಿ ಒಬ್ಳು ನಂಬುದ್ರೆ ಸಾಕು.”

ಅಲ್ಲೇ ನಿಂತಿದ್ದ ಗೌಡರು ನಡುವೆ ಬಾಯಿ ಹಾಕಿದರು. “ಓಡ್ಸೋನ ಸೊಕ್ಕು ಕಣ್ ಸಾಹೇಬ್ರೆ. ಗಾಡೀದೇನೂ ತಪ್ಪಿಲ್ಲ. ಟೈರೆಲ್ಲಾ ಕಂಪನಿ ಸೈಜೇ, ನೋಡ್ಕಳಿ.”

ಟೈರಿನ ಮಾತು ನಾನಿನ್ನೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರು ಕಳ್ಳ ಅನ್ನುವ ಮೊದಲೇ ಮುಟ್ಟಿಕೊಂಡರು.

ನಾಲ್ಕೂ ಟೈರು 215/75 R15 ಇದ್ದವು. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಅಗಲಕ್ಕೆ ಹೋಲಿಸಿದರೆ ಟೈರಿನ ಮಗ್ಗುಲು ಶೇಕಡಾ ಎಷ್ಟು ಎತ್ತರ ಎಂಬುದು. ಕೊನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. ಗಾಡಿಯ ದಾಖಲೆಗೂ ಇದಕ್ಕೂ ಸರಿಹೋಗುತ್ತಿತ್ತು. ಆದರೆ ಸಿಡಿದ ಟೈರಿನ ಸೀಳು ಕುಡುಗೋಲಿನಲ್ಲಿ ಕೊಯ್ದಷ್ಟು ನೇರವಾಗಿತ್ತು. ಓಡುವಾಗ ಸಿಡಿದ ಟೈರು ಚಿಂದಿಯಾಗುತ್ತದೆ, ಒಳಗಿನ ತಂತಿ ಕಿತ್ತು ಬರುತ್ತದೆ.

ಬಗ್ಗಿ ಚಕ್ರದ ಮೇಲಿನ ತಗಡಿನ ಕಮಾನಿನೊಳಗೆ ಕೈ ಹಾಕಿದೆ. ಅಂಚಿನ ಬಣ್ಣ ಹೋಗಿ ತಗಡು ಹೊಳೆಯುತ್ತಿತ್ತು, ಅದರ ಸುತ್ತ ಕರಿ ರಬ್ಬರು ಪದರ ಪದರವಾಗಿ ಮೆತ್ತಿತ್ತು. ಒಂದು ದಿನದ ಉಜ್ಜಾಟವಲ್ಲ ಅದು. ಅದೇ ಅಳತೆಯ, ಗಾಳಿಯಿದ್ದ ಟೈರು ಅಲ್ಲಿಗೆ ಹಾಕಿಸಿ, ಗಾಡಿಯೊಳಗೆ ಆದಷ್ಟು ಜನರನ್ನು ಕೂರಿಸಿ ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಲು ಹೇಳಿದೆ. ಆಗಲೂ ಈ ಟೈರಿಗೂ ಆ ಗುರುತಿಗೂ ನಡುವೆ ನನ್ನ ಎರಡು ಬೆರಳು ಸಲೀಸಾಗಿ ತೂರಿದವು. ಉಜ್ಜಿದ್ದು ಬೇರೆ ಟೈರು.

ಅದು ಕಣ್ಣಿಗೆ ಬಿದ್ದದ್ದು ಮಿರ್ಲೆಯ ಬಸ್ ನಿಲ್ದಾಣದಲ್ಲಿ. ಗೌಡರೇ ಕಟ್ಟಿಸಿದ್ದ ಮದುವೆಯ ಫ್ಲೆಕ್ಸು. ಮದುಮಗ ಕಪ್ಪು ಕನ್ನಡಕ ಹಾಕಿಕೊಂಡು ಇದೇ ಗಾಡಿಗೆ ಒರಗಿ ನಿಂತಿದ್ದಾನೆ, ಅವನ ಮೊಣಕಾಲ ಪಕ್ಕದಲ್ಲಿ ದಪ್ಪ ಬಿಳಿ ಅಕ್ಷರದ ಹೊಸ ಟೈರು: 265/70 R15. ಹಳೆಯ ಗಾಡಿ ಬೀಗರ ಕಣ್ಣಿಗೆ ಎತ್ತರವಾಗಿ ಕಾಣಲೆಂದು ಐವತ್ತು ಮಿಲಿಮೀಟರ್ ಹೆಚ್ಚು ಅಗಲದ, ಸುಮಾರು ಅಷ್ಟೇ ಹೆಚ್ಚು ಎತ್ತರದ ಟೈರು ತೊಡಿಸಿದ್ದರು. ಅಪಘಾತದ ದಿನ ದಾರಿ ತೆರವು ಮಾಡುವ ನೆಪದಲ್ಲಿ ಗಾಡಿಯನ್ನು ತಮ್ಮ ತೋಟಕ್ಕೆ ಎಳೆಸಿ, ಹಳೆಯ ಟೈರು ಹಾಕಿ, ಮುಂದಿನ ಬಲಗಡೆಯದನ್ನು ಕೊಯ್ದು ಠಾಣೆಗೆ ಕಳಿಸಿದ್ದರೆಂದು ವಿಚಾರಿಸಿದಾಗ ತಿಳಿಯಿತು. ಹೆಣ ಇನ್ನೂ ಆಸ್ಪತ್ರೆಯಲ್ಲಿದ್ದಾಗ ಈ ಮನುಷ್ಯ ಬೋಲ್ಟು ಬಿಚ್ಚಿಸುತ್ತಿದ್ದ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಗೌಡರಿಲ್ಲದಾಗ ಮಾದೇವನನ್ನು ಕರೆಸಿ ಕೇಳಿದೆ. ಖಾಲಿ ಗಾಡಿಯಲ್ಲಿ ಏನೂ ಆಗುತ್ತಿರಲಿಲ್ಲವಂತೆ. ಜನ ತುಂಬಿ ತಿರುವಿನಲ್ಲಿ ಹೊರಳಿಸಿದರೆ ಬಲಗಡೆ ಚಕ್ರ ಗರಗರ ಎನ್ನುತ್ತಿತ್ತು. ಗೌಡರಿಗೆ ಹೇಳಿದ್ದ. “ಬೀಗರ ಮುಂದೆ ನನ್ ಮಾನ ಕಳೀಬ್ಯಾಡ ಕಣ್ಲಾ, ಊಟ ಮುಗ್ಸ್ಕಂಡು ಬಾ, ಬಿಚ್ಸನ” ಅಂದಿದ್ದರಂತೆ. ಒಂಬತ್ತು ಸೀಟಿನ ಗಾಡಿಗೆ ಹದಿಮೂರು ಜನ ಹತ್ತಿದ್ದರು. ನಮ್ಮ ಕಡೆ ಬೀಗರ ಊಟಕ್ಕೆ ಹೊರಟವರನ್ನು ಗಾಡಿಯಿಂದ ಇಳಿ ಎನ್ನುವ ಹಾಗಿಲ್ಲ. ಇಳಿ ಅಂದರೆ ಮೂರು ತಲೆಮಾರು ಮಾತು ಬಿಡುತ್ತಾರೆ.

ವರದಿ ಬರೆದೆ. ಅಳತೆ ಮೀರಿದ ಟೈರು ಕಮಾನಿಗೆ ಉಜ್ಜಿ ಸವೆದು ಸಿಡಿದದ್ದೇ ಕಾರಣ. ಉಜ್ಜುವುದನ್ನು ಚಾಲಕ ಮೊದಲೇ ಮಾಲೀಕರ ಗಮನಕ್ಕೆ ತಂದಿದ್ದ. ಈ ಎರಡನೆಯ ವಾಕ್ಯ ಮಾದೇವನನ್ನು ಉಳಿಸುತ್ತದೆಂದು ನನಗೆ ಗೊತ್ತಿತ್ತು. ಉಳಿಸಿತು ಕೂಡ. ಅವನ ಮೇಲಿನ ಕೇಸು ಬಿದ್ದುಹೋಯಿತು. ಗೌಡರ ಮೇಲೂ ಒಂದು ಕೇಸಾಯಿತು. ಜಾಮೀನಿನ ಮೇಲೆ ಬಂದವರು ಹೊಸ ಗಾಡಿ ಕೊಂಡರು, ಊರಿನ ಪಂಚಾಯಿತಿಕೆಗೆ ಮೊದಲಿನಂತೆಯೇ ಮುಂದೆ ಕೂರುತ್ತಿದ್ದರು.

ಕೇಸು ಬಿದ್ದುಹೋದ ಮೇಲೆ ಮಾದೇವ ತಂಗಿಯನ್ನು ಹೇಗೋ ಒಪ್ಪಿಸಿ ನನ್ನ ಕಚೇರಿಗೆ ಕರೆತಂದ. ಹೊಸ ಅಂಗಿ ಹಾಕಿದ್ದ. “ಸಾ, ನಾನೇಳುದ್ರೆ ನಂಬಲ್ಲ ಇವ್ಳು. ನೀವೇ ಓದಿ ಏಳಿ.” ಲಕ್ಷ್ಮಿ ಕುರ್ಚಿಯ ತುದಿಯಲ್ಲಿ ಕೂತಳು. ನಾನು ಓದಿದೆ. ಎರಡನೆಯ ವಾಕ್ಯಕ್ಕೆ ಬಂದಾಗ ಅವಳು ಕೈಯೆತ್ತಿ ತಡೆದಳು.

“ಉಜ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ ಅಣ್ಣ?”

“ಗೌಡ್ರಿಗೆ ಏಳಿದ್ದೆ ಕಣವ್ವ. ಬೀಗ್ರೂಟಕ್ಕೆ ಒಂಟವ್ರ್ನ ಎಂಗ್ ಇಳ್ಸನೆ?”

“ನಮ್ಮೆಜಮಾನ್ರು ಬಸ್ಸಲ್ಲೇ ಬತ್ತೀನಿ ಅಂದ್ರಲ್ಲಣ್ಣ. ಕೈ ಇಡ್ದು ಎಳ್ದು, ಬಾವ ಅಂತ ಮರ್ಯಾದೆ ಮಾಡಿ ಮುಂದುಗಡೆ ಕೂರುಸ್ಕಂಡೆ. ಅವಾಗ್ಲೂ ಗೊತ್ತಿತ್ತಲ್ಲ ನಿಂಗೆ.”

ನಾನು ವರದಿ ಮಡಿಸಿಟ್ಟೆ. ಜೋರಾಗಿ ಓಡಿಸಿದ ಎಂದು ಅವಳು ನಂಬಿಕೊಂಡೇ ಇದ್ದಿದ್ದರೆ ಅವನಿಗೆ ಮುಂದೆಂದೋ ಕ್ಷಮೆಯಾದರೂ ಸಿಗುತ್ತಿತ್ತೇನೋ. ಅದನ್ನೂ ನನ್ನ ಬಾಯಿಂದಲೇ ಓದಿಸಿ ಕಳೆದುಕೊಂಡ. ಅವಳು ನನಗೆ ಕೈ ಮುಗಿದು, ಅಣ್ಣನ ಕಡೆ ತಿರುಗದೆ ಬಸ್ ನಿಲ್ದಾಣದ ಕಡೆಗೆ ನಡೆದಳು.

ನಾನು ನಿವೃತ್ತನಾಗಿದ್ದೇನೆ. ಹಳೆಯ ಗಾಡಿಗೆ ದೊಡ್ಡ ಟೈರು ಹಾಕಿಸಬಹುದೇ ಸಾರ್ ಎಂದು ಈಗಲೂ ಹುಡುಗರು ಕೇಳಿಕೊಂಡು ಬರುತ್ತಾರೆ. ಕಾಯಿದೆ, ದಂಡ, ಮಿಲಿಮೀಟರು ಯಾವುದನ್ನೂ ಹೇಳಲು ಹೋಗುವುದಿಲ್ಲ. ಪಕ್ಕದ ಸೀಟಿನಲ್ಲಿ ಯಾರನ್ನು ಕೂರಿಸಿಕೊಳ್ಳುತ್ತೀಯಪ್ಪ, ಅವರ ಹೆಸರು ಹೇಳು ಎನ್ನುತ್ತೇನೆ.